ಇನ್ನೊಂದು ಹಿಡಿ ಮರಳು

ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಬರೆದದ್ದು ನೆಟ್ಟಗಿರುವುದಿಲ್ಲ ಎಂದು ಸಂಜೆ ಶಾಲೆಯ ಮಾಸ್ತರರು ಹೇಳುತ್ತಿದ್ದರು. ಅದಕ್ಕೆಂದು ಬೀಜದ ಕಚೇರಿಯ ನೋಟೀಸು ಕೈಗೆ ಬಂದ ಮೇಲೆ ನಾಲ್ಕು ದಿನ ಸುಮ್ಮನಿದ್ದೆ. ಇಳಿಯಲಿಲ್ಲ. ಇದರಲ್ಲಿ ಕಚೇರಿಯ ಮೇಲಿನ ಸಿಟ್ಟು ಎಷ್ಟು, ನನ್ನ ಮೇಲಿನ ಸಿಟ್ಟು ಎಷ್ಟು ಎಂದು ಬೇರೆ ಮಾಡಲು ನೋಡಿದೆ, ಅದೂ ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ಗೊತ್ತಿದ್ದವರು ತಿದ್ದಬೇಕು.

ನಮ್ಮೂರಿನಲ್ಲಿ ಮಗು ಹುಟ್ಟಿದ ಹನ್ನೆರಡನೆಯ ದಿನ ಅದರ ಪಾಲಿಗೆಂದು ಬೀಜದ ಕಚೇರಿಯಲ್ಲಿ ಒಂದು ಕುಂಡ ಬಿತ್ತುತ್ತಾರೆ. ಬಿತ್ತುವುದು ಚೀಲಗಿಡ. ಆ ಕುಂಡದಲ್ಲಿ ಹೂವು ಅರಳಿದ ದಿನ ತಾಯಿ ಬಂದು ಹೂವಿನ ಮುಂದೆ ಹೆಸರು ಹೇಳುತ್ತಾಳೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಅದಕ್ಕೆ ಮೊದಲು ಇಟ್ಟ ಹೆಸರು ನಿಲ್ಲುವುದಿಲ್ಲ. ಹೇಳಲು ಬಾಯಿ ತೆರೆದರೆ ಬರೀ ಗಾಳಿ ಬರುತ್ತದೆ. ಬರೆದರೆ ಕಾಗದದ ಮೇಲೆ ಆ ಜಾಗ ಒದ್ದೆಯಾಗಿರುತ್ತದೆ, ಅಷ್ಟೇ. ಅಡ್ಡಹೆಸರೂ ಹಾಗೆಯೇ, ಎರಡನೆಯ ಸಲ ಕೂಗುವಷ್ಟರಲ್ಲಿ ಮರೆತುಹೋಗಿರುತ್ತದೆ. ಹೆಚ್ಚಿನ ಮಕ್ಕಳಿಗೆ ಮೊದಲ ಮಳೆಗಾಲದಲ್ಲೋ ಎರಡನೆಯದರಲ್ಲೋ ಹೂವು ಬಂದುಬಿಡುವುದರಿಂದ ಯಾರೂ ಇದನ್ನು ದೊಡ್ಡ ಸಂಗತಿ ಎಂದು ತಿಳಿದಿಲ್ಲ. ಅಲ್ಲಿಯವರೆಗೆ "ನಮ್ಮದು" ಅನ್ನುತ್ತಾರೆ. ನಮ್ಮದಕ್ಕೆ ಹಲ್ಲು ಬಂತು, ನಿಮ್ಮದು ನಡೆಯುತ್ತದೆಯೇ, ಹೀಗೆ. ಹತ್ತು ಮಳೆಗಾಲ ಕಾದರೂ ಹೂವು ಬರದಿದ್ದರೆ ಹಸ್ತ ಮಳೆ ಮುಗಿದ ದಿನ ಆ ಕುಂಡವನ್ನು ಕಚೇರಿಯ ಹಿತ್ತಿಲಿನಲ್ಲಿ ಬೋರಲು ಹಾಕುತ್ತಾರೆ. ಆಮೇಲೆ ಆ ಮನುಷ್ಯ ಕಡೆಯವರೆಗೂ ಹಾಗೆಯೇ.

ಕಚೇರಿಯ ಎದುರಿನ ಬಸ್ ನಿಲ್ದಾಣದ ಮಗ್ಗುಲಲ್ಲಿ ಸೈಕಲ್ ರಿಪೇರಿ ಮಾಡುವವನು ಅಂಥವನು. ವಯಸ್ಸು ಐವತ್ತು ದಾಟಿದೆ. ಅವನನ್ನು ಕರೆಯಲು ಗಿರಾಕಿಗಳು ಸೈಕಲ್ಲಿನ ಗಂಟೆ ಬಾರಿಸುತ್ತಾರೆ, ಗಂಟೆ ಕೆಟ್ಟಿದ್ದರೆ ಚಪ್ಪಾಳೆ ತಟ್ಟುತ್ತಾರೆ. ಮದುವೆಯಾಗಲಿಲ್ಲ. ಲಗ್ನಪತ್ರಿಕೆಯಲ್ಲಿ ವರನ ಜಾಗ ಒದ್ದೆಯಾಗಿದ್ದರೆ ಯಾರು ಹೆಣ್ಣು ಕೊಡುತ್ತಾರೆ? ಒಮ್ಮೆ ನನ್ನ ಸೈಕಲ್ಲಿಗೆ ಪಂಕ್ಚರ್ ಹಾಕುತ್ತ ಅವನು ತಲೆ ಎತ್ತದೆ ಕೇಳಿದ್ದ: "ಅಕ್ಕಾರ, ನಿಮ್ಮನ್ನ ಹಿಂದಿನಿಂದ ಯಾರರ ಹೆಸರು ಹಿಡದು ಕರೆದ್ರ, ತಿರುಗೂಕಿಂತ ಮೊದಲ ಒಳಗ ಏನಾಗ್ತೈತ್ರಿ?" ದಿನವೂ ಹತ್ತು ಸಲ "ಚಂಪಕ್ಕಾ" ಎಂದು ಕರೆಸಿಕೊಳ್ಳುತ್ತೇನೆ, ಒಂದು ಸಲವೂ ಗಮನಿಸಿರಲಿಲ್ಲ.

ಹತ್ತು ವರ್ಷದ ಹಿಂದೆ ನಾನು ಹಗಲು ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದೆ. ಸಂಜೆ ಕೂದಲಿನ ಹಿಟ್ಟು ಕೊಡವಿಕೊಂಡು ಶಾಲೆಗೆ ಹೋಗುತ್ತಿದ್ದೆ. ಸಸ್ಯಶಾಸ್ತ್ರದಲ್ಲಿ ಮೊದಲನೆಯವಳಾಗಿ ಪಾಸಾದೆ, ಬಹುಮಾನಕ್ಕೆ ಒಂದು ಭೂತಗನ್ನಡಿ ಕೊಟ್ಟರು. ಅದೇ ವರ್ಷ ಬೀಜದ ಕಚೇರಿಯವರು, ಬಿತ್ತುವ ಕೆಲಸಕ್ಕೆ ಇನ್ನು ಮುಂದೆ ಓದಿದವರೇ ಬೇಕು ಎಂದು ತೀರ್ಮಾನಿಸಿದರು. ಅಲ್ಲಿಯವರೆಗೆ ಬಿತ್ತುತ್ತಿದ್ದ ಮಾಬೂಸಾಬರಿಗೆ ಅಕ್ಷರ ಬರುತ್ತಿರಲಿಲ್ಲ. ಒಂದು ತಿಂಗಳು ನನ್ನ ಪಕ್ಕದಲ್ಲಿದ್ದು ಕೆಲಸ ತೋರಿಸಿ ಹೋಗಬೇಕು ಎಂದು ಅವರಿಗೆ ಹೇಳಿದ್ದರು.

ಚೀಲಗಿಡ ಕಣ್ಣಿಗೆ ತುಂಬುವ ಗಿಡವಲ್ಲ. ಊರ ಮೇಲಿನ ಕೆಂಪು ಹಾಸುಗಲ್ಲಿನಲ್ಲಿ ಮಳೆನೀರು ಜಿನುಗುವ ಕಡೆ ತಾನಾಗಿ ಬರುತ್ತದೆ. ನೂಲಿನಂಥ ಒಂದು ಕಡ್ಡಿ, ಅದರ ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ನೀಲಿ ಹೂವು. ಅದರ ಬೇಟೆಯೆಲ್ಲ ಮರಳಿನ ಒಳಗೆ. ಬೇರು ಇರಬೇಕಾದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ಹತ್ತಿರದಲ್ಲಿ ನೀರಹುಳ ಸುಳಿದರೆ ಚೀಲದ ಬಾಯಿ ತಟ್ಟನೆ ತೆರೆದು, ಹುಳವನ್ನು ನೀರಿನ ಸಮೇತ ಒಳಗೆಳೆದುಕೊಂಡು, ಮುಚ್ಚಿಕೊಳ್ಳುತ್ತದೆ. ಅದಕ್ಕೆ ಗೊಬ್ಬರ ಹಾಕಿದರೆ ಸಾಯುತ್ತದೆ. ನಲ್ಲಿ ನೀರು, ಬಾವಿ ನೀರು ಒಗ್ಗುವುದಿಲ್ಲ. ಹಿಡಿದಿಟ್ಟ ಮಳೆನೀರನ್ನು ತಾಟಿಗೆ ಸುರಿದು ಅದರಲ್ಲಿ ಕುಂಡ ನಿಲ್ಲಿಸಬೇಕು, ಕುಂಡ ಕೆಳಗಿನಿಂದ ಕುಡಿಯುತ್ತದೆ. ಬೀಜ ನಶ್ಯದ ಪುಡಿಯಷ್ಟು ನುಣುಪು. ಕಾಗದವನ್ನು ಮಡಚಿ, ಅದರಲ್ಲಿ ಚಿಟಿಕೆ ಬೀಜ ಹಾಕಿ, ಉಸಿರು ಬಿಗಿಹಿಡಿದು ಒದ್ದೆ ಮರಳಿನ ಮೇಲೆ ಬೆರಳಿನಿಂದ ತಟ್ಟಬೇಕು.

ನಾನು ಬಿತ್ತಿದ ಮೊದಲ ಕುಂಡ ಕಲ್ಲವ್ವನ ಮಗಳದು. ಕಲ್ಲವ್ವ ಬಸ್ ನಿಲ್ದಾಣದಲ್ಲಿ ಕುದಿಸಿದ ಶೇಂಗಾ ಮಾರುವವಳು, ಗಂಡ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಕೂಸನ್ನು ಎದೆಗವಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಬೀಜ ತಟ್ಟಿದೆ. ಆಮೇಲೆ ನನ್ನ ನೋಟುಪುಸ್ತಕ ನೆನಪಾಯಿತು. ಬೀಜವನ್ನು ಅದರ ಗಾತ್ರದ ಎರಡರಷ್ಟು ಆಳದಲ್ಲಿ ಮುಚ್ಚಬೇಕು ಎಂದು ಮಾಸ್ತರರು ಬರೆಸಿದ್ದರು, ನಾನು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಮರಳು ಜರಡಿ ಹಿಡಿದು ಮೇಲೆ ಉದುರಿಸಿದೆ.

ಮಾಬೂಸಾಬರು ಪಕ್ಕದಲ್ಲೇ ಇದ್ದರು. "ಮುಚ್ಚಬ್ಯಾಡ ತಂಗಿ," ಅಂದರು. "ಇದು ಬೆಳಕು ಕಾಣಬೇಕು."

ನಾನು ಪುಸ್ತಕ ತೆರೆದು ತೋರಿಸಿದೆ. ಅವರು ಆ ಹಾಳೆಯನ್ನೂ ನನ್ನನ್ನೂ ನೋಡಿ ಪಕ್ಕಕ್ಕೆ ಸರಿದರು. ಅಲ್ಲಿಗೆ ನಾನು ನಿಲ್ಲಿಸಿದ್ದರೆ ಬೀಜ ಹೇಗೋ ಬದುಕುತ್ತಿತ್ತೇನೋ. ಆದರೆ ನನ್ನ ಸ್ವಭಾವ ನನಗೆ ಗೊತ್ತು. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಜಗ್ಗಿ ನೋಡುವವಳು ನಾನು. ಆಳ ಸಾಕೋ ಇಲ್ಲವೋ, ತಾಯಿ ನೋಡುತ್ತಿದ್ದಾಳೆ, ಮೊದಲ ಕೆಲಸ, ಕಡಿಮೆಯಾಗಬಾರದು ಎಂದು ಇನ್ನೊಂದು ಹಿಡಿ ಮರಳು ಹಾಕಿ ಅಂಗೈಯಿಂದ ಒತ್ತಿದೆ. ಕಲ್ಲವ್ವ ಕೈಮುಗಿದಳು. "ಎಷ್ಟು ಕಾಳಜಿಲೆ ಮಾಡ್ತೀರಿ ಬಾಯಾರ," ಅಂದಳು.

ಮರುದಿನದ ಕುಂಡಗಳನ್ನು ಮಾಬೂಸಾಬರ ರೀತಿಯಲ್ಲೇ ಬಿತ್ತಿದೆ. ನನಗೇ ನಾಚಿಕೆಯಾಗಿತ್ತು. ಆ ಕುಂಡಗಳೆಲ್ಲ ಹೂಬಿಟ್ಟವು. ಮೊದಲನೆಯದು ಮಾತ್ರ ಹಾಗೆಯೇ ಉಳಿಯಿತು. ಒಮ್ಮೆ ಬಿತ್ತಿದ ಕುಂಡವನ್ನು ಯಾರೂ ಮುಟ್ಟಬಾರದು ಎಂಬುದು ಕಚೇರಿಯ ನಿಯಮ. ಮುಟ್ಟಿದರೆ ಕುಂಡ ರದ್ದು. ನಾನು ನಿಯಮ ಪಾಲಿಸಿದೆ. ನಿಯಮ ಪಾಲಿಸುವುದು ನನಗೆ ಯಾವಾಗಲೂ ಸುಲಭ.

ಒಂಬತ್ತು ಮಳೆಗಾಲ ಕಲ್ಲವ್ವ ಆ ಬರೀ ಮರಳಿನ ಕುಂಡ ನೋಡಲು ಬಂದಳು. ಒಂದು ದಿನ ಸೆರಗಿನಲ್ಲಿ ಗಿಂಡಿ ಮುಚ್ಚಿಕೊಂಡು ಬಂದಿದ್ದಳು. ನಾನು ಓಡಿಹೋಗಿ ಕೈ ಹಿಡಿದೆ.

"ಏನೈತಿ ಅದರಾಗ?"

"ಹಾಲ್ರಿ. ಸ್ವಲ್ಪ ಬೆಲ್ಲ ಕದಡೀನಿ. ಹಸದಿರಬೇಕು ಪಾಪ."

"ಹಾಲು ಹಾಕಿದ್ರ ಕೊಳೀತೈತಿ ಕಲ್ಲವ್ವ. ಅದು ತನ್ನ ಊಟ ತಾನ ಹಿಡಕೋತೈತಿ."

"ಒಂಬತ್ತು ವರ್ಷ ಏನೂ ಹಿಡದಿಲ್ಲಲ್ರಿ," ಅಂದಳು. ಅವಳ ಪಕ್ಕದಲ್ಲಿದ್ದ ಹುಡುಗಿ, ಕುಂಡದ ಒಡತಿ, ನಕ್ಕಳು. "ಬಿಡಬೇ ಯವ್ವಾ. ಹಾಲು ನನಗ ಕೊಡು. ನನ್ನ ಗಿಡ ಉಪವಾಸ ವ್ರತಾ ಹಿಡದೈತಿ." ಹಾಲು ಕುಡಿದು ತುಟಿ ಒರೆಸಿಕೊಂಡಳು.

ಶೇಂಗಾ ಕಟ್ಟುವ ಹಳೆಯ ಪೇಪರುಗಳನ್ನು ಒಂದಕ್ಷರ ಬಿಡದೆ ಓದಿದ ಮೇಲೆಯೇ ಪೊಟ್ಟಣ ಮಡಚುವ ಹುಡುಗಿ ಅವಳು. ಗಿರಾಕಿ ಕಾಯಬೇಕು. "ತಡೀರಿ, ಕಳ್ಳ ಸಿಕ್ಕನೋ ಇಲ್ಲೋ ನೋಡೂಣು," ಅನ್ನುತ್ತಾಳೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ಮಾಸ್ತರರು ಅವಳ ಬೆಂಚಿನ ಕಡೆ ನೋಡಿ ಒಂದು ಗೆರೆ ಎಳೆಯುತ್ತಾರೆ. ಒಂದು ದಿನ ಅವಳು ಬೇಕೆಂದೇ ಬೆಂಚಿನ ಕೆಳಗೆ ಕುಳಿತಳಂತೆ, ಮಾಸ್ತರರು ಆಗಲೂ ಗೆರೆ ಎಳೆದರಂತೆ. ಈ ವರ್ಷ ನಾಲ್ಕನೆಯ ಇಯತ್ತೆ. ಐದನೆಯದಕ್ಕೆ ದೊಡ್ಡ ಶಾಲೆಗೆ ಹೋಗಬೇಕು, ಅಲ್ಲಿ ದಾಖಲಾಗಲು ಹೆಸರು ಬೇಕು. ಮತ್ತು ಇದು ಅವಳ ಕುಂಡದ ಹತ್ತನೆಯ ಮಳೆಗಾಲ.

ಇಷ್ಟು ಹೇಳಿದ ಮೇಲೆ ಏಳನೆಯ ಕಾಲಮ್ಮಿನ ವಿಷಯ ಹೇಳಬೇಕು. ಹೂವು ಬಾರದ ಕುಂಡಗಳ ಬಗ್ಗೆ ಪ್ರತಿ ವರ್ಷ ಒಂದು ನಮೂನೆ ತುಂಬಬೇಕಾಗುತ್ತದೆ. ಅದರ ಏಳನೆಯ ಕಾಲಂ "ಕಾರಣ". ಅಲ್ಲಿ ನಾವು ಬರೆಯುವುದು ಏನೂ ಇಲ್ಲ. "ಮನೆದೋಷ" ಎಂದು ಅಚ್ಚಾಗಿಯೇ ಬಂದಿರುತ್ತದೆ, ನಾವು ಕೆಳಗೆ ಸಹಿ ಹಾಕಬೇಕು. ಬೇರೆ ಕಾರಣ ಬರೆಯಲು ಜಾಗವಿಲ್ಲ. ಒಂಬತ್ತು ಸಲ ಸಹಿ ಹಾಕಿದ್ದೇನೆ. ಆ ನಮೂನೆಯ ಒಂದು ಪ್ರತಿ ಕಲ್ಲವ್ವನ ಮನೆಗೆ ಹೋಗುತ್ತಿತ್ತು. ಬಸುರಿಯಿದ್ದಾಗ ಗ್ರಹಣ ನೋಡಿದ್ದಾಳೆ, ಹೊಸ್ತಿಲ ಮೇಲೆ ಕುಳಿತಿದ್ದಾಳೆ ಎಂದು ಅವಳ ಅತ್ತೆ ದೋಷ ಹುಡುಕುತ್ತ ಹೋದಳು. ಕಡೆಗೆ ಸೊಸೆ ಕೊಟ್ಟ ನೀರನ್ನೂ ಕುಡಿಯುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಇಷ್ಟು ವರ್ಷ ನಾನು ಸುಮ್ಮನಿದ್ದದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ನನ್ನ ಮೇಲೆ ನನಗೆ ಅನುಮಾನವಿತ್ತು, ಆದರೆ ಆ ಅನುಮಾನದ ಮೇಲೂ ನನಗೆ ಅನುಮಾನವಿತ್ತು. ಎಲ್ಲದಕ್ಕೂ ನನ್ನದೇ ತಪ್ಪು ಅಂದುಕೊಳ್ಳುವುದು ನಿನ್ನ ರೋಗ ಎಂದು ನನ್ನ ಅಕ್ಕ ಬೈಯುತ್ತಾಳೆ. ಇದೂ ರೋಗವೇ ಇರಬಹುದು, ಬೀಜವೇ ಸತ್ತಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಒಂಬತ್ತು ವರ್ಷ ಈ ಸಮಾಧಾನ ನಡೆಯಿತು.

ಹೋದ ವರ್ಷ ಹುಬ್ಬಿ ಮಳೆಯಲ್ಲಿ ಹಿತ್ತಿಲಿನ ಹಂಚು ಹಾರಿದೆಯೇ ನೋಡಲು ಹೋಗಿದ್ದೆ. ಅಲ್ಲಿಗೆ ನಾವು ಯಾರೂ ಹೋಗುವುದಿಲ್ಲ. ಕುಂಡ ಬೋರಲು ಹಾಕಿದ ಮರಳಿನ ಗುಡ್ಡೆಗಳು ಕಾಣುತ್ತವೆ ಎಂದು ಬಾಗಿಲು ಮುಚ್ಚಿಯೇ ಇರುತ್ತದೆ. ಗುಡ್ಡೆಗಳ ಮೇಲೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆಗಳಿದ್ದವು. ಮೊದಲು ಕಾಗದದ ಚೂರುಗಳು ಅಂದುಕೊಂಡೆ. ಹತ್ತಿರ ಹೋಗಿ ಭೂತಗನ್ನಡಿ ಹಿಡಿದೆ. ಚೀಲಗಿಡದ ಹೂವುಗಳು.

ಕೆಸರಿನಲ್ಲಿ ಹಾಗೆಯೇ ಕುಳಿತುಬಿಟ್ಟೆ. ಬೋರಲು ಹಾಕಿದಾಗ ಮರಳು ಚೆಲ್ಲಿ ಒಳಗಿನದು ಮೇಲೆ ಬಂದಿದೆ. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಬೀಜ ಬೆಳಕು ಕಂಡಿದೆ. ಮನೆದೋಷವೆಂದು ನಾವು ಸಹಿ ಹಾಕಿಕೊಟ್ಟ ಬೀಜಗಳು ಹಿತ್ತಿಲಿನಲ್ಲಿ ಪ್ರತಿ ಮಳೆಗಾಲ ಹೂಬಿಡುತ್ತಿದ್ದವು, ಆ ಹೂವಿನ ಮುಂದೆ ಬಂದು ಹೆಸರು ಹೇಳುವವರಿರಲಿಲ್ಲ. ಯಾವ ಗುಡ್ಡೆ ಯಾರದು ಎಂಬುದಕ್ಕೆ ಗುರುತೂ ಉಳಿದಿಲ್ಲ. ಸೈಕಲ್ಲಿನವನದೂ ಇವುಗಳಲ್ಲಿ ಇದ್ದೀತು. ಅವನ ತಾಯಿ ಏನು ಹೆಸರು ಇಟ್ಟುಕೊಂಡಿದ್ದಳೋ, ಅವಳು ಸತ್ತು ಇಪ್ಪತ್ತು ವರ್ಷವಾಯಿತು.

ಅವತ್ತೇ ಮಾಬೂಸಾಬರ ಮನೆಗೆ ಹೋದೆ. ಅಂಗಳದಲ್ಲಿ ಹೊರಸಿಗೆ ಹಗ್ಗ ಹೆಣೆಯುತ್ತಿದ್ದರು. ಕಂಡದ್ದನ್ನು ಹೇಳಿದೆ.

"ಅವತ್ತು ನೀವು ಗಟ್ಟಿಯಾಗಿ ಯಾಕ ಹೇಳಲಿಲ್ಲ ಅಜ್ಜಾರ?"

"ಹೇಳಿದೆನಲ್ಲ ತಂಗಿ. ನೀ ಪುಸ್ತಕ ತೋರಿಸಿದಿ. ಮಾಬೂಸಾಬ ಅನ್ನಾಂವಗ ಏನೂ ತಿಳಿಯಂಗಿಲ್ಲ ಅಂತ ಅದರಾಗ ಬರದಾರೇನೋ ಅಂದ್ಕೊಂಡೆ." ಹಗ್ಗ ಜಗ್ಗಿ ಗಂಟು ಹಾಕಿದರು. "ನಾ ಇದ್ದಾಗ ವರ್ಷಕ್ಕ ಒಮ್ಮೆ ಕಸಬರಿಗಿ ಕಡ್ಡಿಲೆ ಮ್ಯಾಲಿನ ಮರಳು ಒಂದೀಟು ಕೆದರ್ತಿದ್ದೆ. ಒಣಾ ಗಾಳಿಗೆ ಧೂಳ ಬಂದು ಕುಂದರ್ತೈತಲ್ಲ. ಹಿತ್ತಲದಾಗಿನವು ನನ್ನ ಮೊದಲಿನವು, ಇಲ್ಲಾ ನಾ ಬಿಟ್ಟ ಮ್ಯಾಲಿನವು."

"ಮುಟ್ಟಬಾರದು ಅಂತ ನಿಯಮ ಐತೆಲ್ರಿ!"

"ಐತಿ. ನನಗ ಓದಾಕ ಬರತಿದ್ದಿಲ್ಲ," ಅಂದರು, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ.

ಮುಂದಿನ ಮೃಗಶಿರಾ ಮಳೆಯವರೆಗೆ ನಾನು ಮಾಡಿದ್ದು ಒಂದೇ ಕೆಲಸ, ಆ ಕುಂಡದ ಮರಳು ಕೆದರಲು ಅನುಮತಿ ಕೇಳಿ ಅರ್ಜಿ ಬರೆದು ಹರಿಯುವುದು. ಕಡೆಗೆ ಬರೆದದ್ದನ್ನು ಹರಿಯದೆ ತೆಗೆದುಕೊಂಡು ಕಚೇರಿಯ ಮುಖ್ಯಸ್ಥರಾದ ಅಡಿವೆಪ್ಪನವರ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ನನ್ನ ತಾಯಿ ತೀರಿಕೊಂಡಾಗ ಹೆಗಲು ಕೊಟ್ಟವರು. ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಚಂಪಕ್ಕ, ಕಚೇರಿ ತಪ್ಪು ಮಾಡೇದ ಅಂತ ಬರದೀರಲ್ಲ?"

"ಕಚೇರಿ ಅಲ್ರಿ ಸಾಹೇಬ್ರ. ನಾನ ಮಾಡೀನಿ. ಬೀಜ ಮುಚ್ಚೀನಿ."

"ನೀವು ಅಂದ್ರ ಕಚೇರೀನ ಅಲ್ಲೇನು? ನಮೂನಿಯೊಳಗ ಅಂಥಾ ಕಾಲಂ ಎಲ್ಲೈತಿ, ತೋರಿಸ್ರಿ."

"ಕಾಲಂ ಇಲ್ಲ ಅಂತ ತಪ್ಪು ಇಲ್ಲ ಅಂತ ಆಗತೈತೇನ್ರಿ?"

ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಅವರಿಗಿಂತ ನನಗೇ ಹೆಚ್ಚು ಗಾಬರಿಯಾಯಿತು. ಅವರು ದನಿ ತಗ್ಗಿಸಿದರು. "ಒಂದು ಕುಂಡ ಕೆದರಾಕ ಬಿಟ್ರ ನಾಳೆ ಊರಾಗಿನ ಮಂದಿ ಹಿತ್ತಲ ಬಾಗಿಲಕ ಬರ್ತಾರ. ಅಲ್ಲಿ ನಲವತ್ಮೂರು ಕುಂಡ ಬೋರಲ ಹಾಕೇವಿ. ನಲವತ್ಮೂರು ಮನಿಗೆ ಯಾರು ಉತ್ತರ ಕೊಡೋರು? ನೀವು ಕೊಡ್ತೀರೇನು? ಒಂದು ಹುಡುಗಿ ಸಲುವಾಗಿ ಇಷ್ಟೆಲ್ಲ ಬ್ಯಾಡ. ಹೋಗ್ರಿ, ಚಹಾ ಕುಡೀರಿ."

ನಲವತ್ತಮೂರು ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಅಂದರೆ ಅವರೂ ಹಿತ್ತಿಲು ನೋಡಿದ್ದರು. ನನಗೆ ಸಿಟ್ಟು ಹತ್ತಿದ್ದು ಆ ಗಳಿಗೆಯಲ್ಲಿ. ನಾನು ತಿಳಿಯದೆ ಮುಚ್ಚಿದ್ದೆ, ಅವರು ತಿಳಿದೂ ಮುಚ್ಚಿದ್ದರು. ಆದರೆ ಅನುಮಾನ ಬಂದ ಮೇಲೂ ನಾನು ಒಂಬತ್ತು ಸಹಿ ಹಾಕಿದ್ದೆನಲ್ಲ, ಅದಕ್ಕೆ ಏನು ಹೆಸರು?

ಚಹಾ ಕುಡಿಯಲಿಲ್ಲ. ರಸ್ತೆ ದಾಟಿ ಕಲ್ಲವ್ವನ ಬುಟ್ಟಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಆ ಮೊದಲ ದಿನ, ಪುಸ್ತಕ, ಇನ್ನೊಂದು ಹಿಡಿ ಮರಳು, ಹಿತ್ತಿಲಿನ ಹೂವು. ಅವಳು ಶೇಂಗಾದ ಮೇಲಿನ ಒದ್ದೆ ಬಟ್ಟೆ ಸರಿಪಡಿಸುತ್ತ ಕೇಳಿದಳು. ಬಹಳ ಹೊತ್ತು ಅದನ್ನೇ ಸರಿಪಡಿಸಿದಳು.

"ಹಂಗಾರ ದೋಷ ನಂದಲ್ಲ," ಅಂದಳು.

"ಅಲ್ಲ ಕಲ್ಲವ್ವ. ನಂದು."

"ನಮ್ಮತ್ತಿ ಸತ್ತು ಎರಡು ವರ್ಷ ಆತು. ಸಾಯೂ ಮುಂದೂ ನಾ ಹಿಡದ ನೀರು ದೂಡಿದ್ಲು. ಬಾಜೂ ಮನಿಯಾಕಿನ ಕರದು ಬಾಯಿಗೆ ನೀರು ಬಿಡಸ್ಕೊಂಡ್ಲು. ಈಗ ಎಲ್ಲಿ ಹೋಗಿ ಹೇಳ್ಲಿ ಅಕಿಗೆ? ಹೇಳ್ರಿ. ನೀವು ಓದೀರಿ, ಹೇಳ್ರಿ." ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು.

ಪೊಟ್ಟಣ ಮಡಚುತ್ತಿದ್ದ ಹುಡುಗಿ ಕೈ ನಿಲ್ಲಿಸಿದ್ದಳು. "ಹತ್ತು ವರ್ಷ ನನ್ನ ಮಣ್ಣಾಗ ಹುಗದು, ಮ್ಯಾಲ ಕುಂತು ಸಹಿ ಹಾಕಿದ್ರಿ?" ಅಂದಳು. ನಾನು ಹೌದು ಅಂದೆ. "ಏಳ್ರಿ ಮತ್ತ. ಹೋಗೂಣು."

ಮೂವರೂ ಕಚೇರಿಗೆ ಹೋದೆವು. ಕದ್ದುಮುಚ್ಚಿ ಮಾಡುವುದು ನನಗೆ ಬೇಡವಾಗಿತ್ತು. ಹಗಲು ಹನ್ನೊಂದು ಗಂಟೆ, ಗುಮಾಸ್ತ ಪರಸಪ್ಪ ನೋಡುತ್ತಲೇ ಇದ್ದ. ಕುಂಡ ಇಳಿಸಿ ಕಸಬರಿಗೆಯ ಕಡ್ಡಿ ಮುರಿದುಕೊಂಡೆ. ಹುಡುಗಿ ಕಡ್ಡಿ ಕಸಿದುಕೊಂಡಳು. "ನೀವು ಬ್ಯಾಡ. ನೀವು ಮತ್ತ ಒಂದು ಹಿಡಿ ಹಾಕಿಬಿಡ್ತೀರಿ." ಮೇಲಿನ ಒಂದು ಬೆರಳಿನಷ್ಟು ಮರಳನ್ನು ತೆಗೆದು ಪಕ್ಕಕ್ಕೆ ಹಾಕಿ, ಉಳಿದದ್ದನ್ನು ಮೆಲ್ಲಗೆ ಕೆದರಿದಳು. ನಾನು ತಾಟಿಗೆ ಹೊಸ ಮಳೆನೀರು ಹಾಕಿದೆ. ಆಮೇಲೆ ನಾನೇ ಕುಳಿತು, ಬಿತ್ತಿದ ಕುಂಡ ಮುಟ್ಟಿದ್ದೇವೆ ಎಂದು ಬರೆದು ಅಡಿವೆಪ್ಪನವರ ಮೇಜಿನ ಮೇಲಿಟ್ಟೆ.

ಅವರು ಕುಂಡದ ಮೇಲೆ "ರದ್ದು" ಎಂದು ಕೆಂಪು ಚೀಟಿ ಅಂಟಿಸಿದರು. ಎಸೆಯಲಿಲ್ಲ. ಹಸ್ತ ಮಳೆ ಮುಗಿಯುವವರೆಗೆ ಯಾವ ಕುಂಡವನ್ನೂ ಕಚೇರಿಯಿಂದ ಹೊರಗೆ ಹಾಕಬಾರದು ಎಂದೂ ನಿಯಮವಿತ್ತು. ಅಡಿವೆಪ್ಪನವರಿಗೂ ನಿಯಮ ಪಾಲಿಸುವುದು ಸುಲಭ.

ಆರಿದ್ರಾ ಹೋಯಿತು, ಪುನರ್ವಸು ಹೋಯಿತು. ಪುಷ್ಯದ ಕಡೆಯ ದಿನಗಳಲ್ಲಿ ಭೂತಗನ್ನಡಿಯಲ್ಲಿ ಹಸಿರು ಎಳೆಯೊಂದು ಕಂಡಿತು. ಪಾಚಿ ಇರಬಹುದು ಎಂದು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಪಾಚಿಯಲ್ಲ. ಮಘಾ ಮಳೆಯಲ್ಲಿ ಕಡ್ಡಿ ಎದ್ದಿತು. ಹುಡುಗಿ ಶಾಲೆ ಬಿಟ್ಟ ಕೂಡಲೇ ಬಂದು ಮೂಗು ಹತ್ತಿರ ಹಿಡಿದು ನಿಲ್ಲುತ್ತಿದ್ದಳು. "ಉಸಿರು ಬಿಡಬ್ಯಾಡ," ಎಂದು ನಾನು ಅಂದರೆ, "ನೀವು ದೂರ ನಿಂದರ್ರಿ," ಅನ್ನುತ್ತಿದ್ದಳು. ಏನು ಹೆಸರು ಇರಬಹುದೆಂದು ಅವಳದೇ ಊಹೆಗಳಿದ್ದವು. ತಾಯಿ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು ಹೇಳಲು ಬರುವಂತಿಲ್ಲವಲ್ಲ. ಸ್ನೇಹಾ ಇರಬೇಕು, ಇಲ್ಲದಿದ್ದರೆ ಐಶ್ವರ್ಯಾ ಅನ್ನುತ್ತಿದ್ದಳು. ಕಲ್ಲವ್ವ ನೆಲ ನೋಡುತ್ತಿದ್ದಳು.

ಉತ್ತರಿ ಮಳೆಯ ಮೂರನೆಯ ದಿನ ಬೆಳಿಗ್ಗೆ ಹೂವು ಅರಳಿತು. ಕಲ್ಲವ್ವ ಬುಟ್ಟಿಯನ್ನು ಸೈಕಲ್ಲಿನವನ ಸುಪರ್ದಿಗೆ ಬಿಟ್ಟು ಓಡಿಬಂದಳು. ಪರಸಪ್ಪ ಪುಸ್ತಕ ತೆರೆದ. ಅಡಿವೆಪ್ಪನವರ ಕೈ ಪುಸ್ತಕದ ಮೇಲೆ ಬಿತ್ತು.

"ರದ್ದಾದ ಕುಂಡ. ಅದರಾಗ ಬಂದದ್ದು ಹೂವಲ್ಲ."

"ಮತ್ತೇನ್ರಿ ಸಾಹೇಬ್ರ, ಬದನಿಕಾಯಿ ಏನ್ರಿ?" ಅಂದಳು ಹುಡುಗಿ.

"ನಿಮ್ಮ ಹುಡುಗಿಗೆ ಬಾಯಿ ಮುಚ್ಚಾಕ ಹೇಳಬೇ."

"ನಾ ಬಾಯಿ ತೆಗೀಬೇಕಾಗೈತ್ರಿ ಈಗ," ಅಂದಳು ಕಲ್ಲವ್ವ. ಹೂವಿನ ಮುಂದೆ ಬಗ್ಗಿದಳು. ಹತ್ತು ಮಳೆಗಾಲ ಪ್ರತಿ ಸಲವೂ ಗಾಳಿಯಷ್ಟೇ ಬಂದ ಬಾಯಿ ಅದು. ಒಮ್ಮೆ ತುಟಿ ನೆಕ್ಕಿಕೊಂಡಳು. "ಫಕೀರವ್ವ," ಅಂದಳು.

ಹೆಸರು ನಿಂತಿತು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿತು.

"ಫಕೀರವ್ವ?" ಎಂದಳು ಹುಡುಗಿ, ಅವಳ ಮುಖ ಕೆಂಪೇರಿತು. "ಹತ್ತು ವರ್ಷ ಕಾದದ್ದು ಇದಕ್ಕೇನಬೇ?"

"ನಮ್ಮವ್ವನ ಹೆಸರು ಅದು. ಸುಮ್ನಿರು."

ಅಡಿವೆಪ್ಪನವರು ಮೇಜು ತಟ್ಟಿದರು. "ಇದು ನಡಿಯಂಗಿಲ್ಲ! ಯಾರು ಏನ ಹೇಳಿದ್ರೂ ಅಷ್ಟ. ನಿಯಮ ಅಂದ್ರ ನಿಯಮ. ಈ ಫಕೀರವ್ವನ ಕುಂಡ ರದ್ದಾಗೇದ, ಫಕೀರವ್ವನ ಹೆಸರು ಪುಸ್ತಕಕ್ಕ—" ಅಷ್ಟಕ್ಕೆ ಅವರಿಗೇ ಕೇಳಿಸಿತು. ಬಾಯಿ ತೆರೆದೇ ಇತ್ತು. ಮತ್ತೆ ಪ್ರಯತ್ನಿಸಿದರು. "ಈ ಹುಡುಗಿ... ಈ ಫಕೀರ..." ನಿಂತರು. ಹೆಸರು ಬಾಯಲ್ಲಿ ಕುಳಿತುಬಿಟ್ಟಿತ್ತು, ಉಗುಳಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಪರಸಪ್ಪ ಅವರ ಕೈಯ ಕೆಳಗಿನಿಂದ ಪುಸ್ತಕ ಎಳೆದುಕೊಂಡು ಬರೆದ. ನಾವೆಲ್ಲ ಬಗ್ಗಿ ನೋಡಿದೆವು. ಮಸಿ ಒಣಗಿತು, ಅಕ್ಷರ ಹಾಗೆಯೇ ಇತ್ತು.

ರದ್ದಾದ ಕುಂಡವೆಂದು ಈ ವರ್ಷವೂ ತುಂಬಲು ಕೊಟ್ಟ ನಮೂನೆಯಲ್ಲಿ ಅಚ್ಚಾಗಿದ್ದ "ಮನೆದೋಷ" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಬಿತ್ತಿದವಳ ದೋಷ" ಎಂದು ಬರೆದು ಸಹಿ ಮಾಡಿದೆ. ಹಿಂದಿನ ಒಂಬತ್ತು ನಮೂನೆಗಳನ್ನೂ ತರಿಸಿ ಹಾಗೆಯೇ ಮಾಡಿದೆ. ಹಿತ್ತಿಲಿನ ನಲವತ್ತಮೂರಕ್ಕೂ ಉತ್ತರ ಕೊಡಬೇಕು ಎಂದು ಬೇರೆ ಕಾಗದ ಲಗತ್ತಿಸಿದೆ. ನೋಟೀಸು ಬಂದದ್ದು ಅದಕ್ಕೇ. ಅಚ್ಚಾದ ಕಾಲಂ ತಿದ್ದಿದ್ದೇನೆ, ಕಚೇರಿಯ ಗೌರವಕ್ಕೆ ಧಕ್ಕೆ ತಂದಿದ್ದೇನೆ, ಹತ್ತು ದಿನದಲ್ಲಿ ಮೊದಲಿನಂತೆ ಬರೆದುಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು. ಕಚೇರಿಯ ಗೌರವ! ಕಲ್ಲವ್ವನ ಕೈಯ ನೀರಿಗೆ ಹತ್ತಿದ ಧಕ್ಕೆಗೆ ಯಾವ ನಮೂನೆಯಲ್ಲಿ ಕಾಲಂ ಇದೆ? ನನ್ನನ್ನು ತೆಗೆಯಲಿ, ತೆಗೆಯಬೇಕಾದದ್ದೇ. ಆದರೆ ಬೀಜ ಮುಚ್ಚಿದ್ದಕ್ಕೆ ತೆಗೆಯಲಿ, ಹೇಳಿದ್ದಕ್ಕಲ್ಲ. ಇಷ್ಟನ್ನೇ ಉತ್ತರವಾಗಿ ಬರೆದು ನಿನ್ನೆ ಕೊಟ್ಟೆ. ಕೊಟ್ಟ ಮೇಲೆ ಅಕ್ಷರ ತಪ್ಪಿದೆಯೇನೋ ಎಂದು ವಾಪಸು ಹೋಗಿ ನೋಡಿಬಂದೆ. ತಪ್ಪಿರಲಿಲ್ಲ.

ಹಿತ್ತಿಲಿನ ಬಾಗಿಲನ್ನು ಈಗ ನಾನು ತೆರೆದೇ ಇಡುತ್ತೇನೆ. ಸೈಕಲ್ಲಿನವನು ಒಂದು ಮಧ್ಯಾಹ್ನ ಬಂದು, ಹೂವುಗಳ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದ. "ಯಾವ್ದು ನಂದು ಅಂತ ಗೊತ್ತಿಲ್ಲೇನ್ರಿ?" ಎಂದು ಕೇಳಿದ. ಇಲ್ಲ ಅಂದೆ.

ಫಕೀರವ್ವ ನನ್ನನ್ನು ಕ್ಷಮಿಸಿಲ್ಲ. ಶಾಲೆಗೆ ಹೋಗುವಾಗ ದಾರಿ ಬಳಸಿ ಕಚೇರಿಯ ಗೇಟಿಗೆ ಬಂದು ನಿಲ್ಲುತ್ತಾಳೆ. "ನಾ ಮುಂದ ಹೋಗ್ತೀನಿ. ನೀವು ಹಿಂದಿನಿಂದ ಕರೀಬೇಕು," ಎಂದು ಮೊದಲ ದಿನವೇ ಅಪ್ಪಣೆ ಮಾಡಿದಳು. ಎಷ್ಟು ದಿನ ಎಂದು ಕೇಳಿದೆ. "ನನಗ ಸಾಕಾಗೂತನಕ," ಅಂದಳು.

ಇವತ್ತು ಬೆಳಿಗ್ಗೆಯೂ ಬಂದಳು. ಪಾಟೀಚೀಲ ಬೆನ್ನಿಗೆ ಹಾಕಿಕೊಂಡು ರಸ್ತೆಗಿಳಿದಳು. "ಫಕೀರವ್ವಾ," ಎಂದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ನಡೆಯುತ್ತಲೇ ಇದ್ದಳು. ಸೈಕಲ್ ಅಂಗಡಿಯ ಮುಂದೆ ತಲುಪುವಾಗ ಅವನು ಕೈಯಲ್ಲಿದ್ದ ಚಕ್ರವನ್ನು ಕೆಳಗಿಟ್ಟು ಅವಳ ಜೊತೆ ಮಾತಾಡಿದ. ರಸ್ತೆಯ ಈಚೆಯವರೆಗೂ ಕೇಳಿತು.

"ಹಿಂದಿನಿಂದ ಕರೀತಾರಲ್ಲ ಮಗಳ, ತಿರುಗೂಕಿಂತ ಮೊದಲ ಒಳಗ ಏನಾಗ್ತೈತಿ?"

ಅವಳು ನಿಂತು ಯೋಚನೆ ಮಾಡಿದಳು. ಪೇಪರು ಓದುವಾಗ ಮಾಡುವಂತೆ ಹುಬ್ಬು ಗಂಟಿಕ್ಕಿದಳು.

"ಸಿಟ್ಟು ಬರ್ತೈತ್ರಿ ಮಾಮಾ," ಅಂದಳು. "ಇಷ್ಟ ದಿನ ಯಾಕ ಕರೀಲಿಲ್ಲ ಅಂತ."

ಅವನು ಹೌದೆನ್ನುವಂತೆ ನಿಧಾನ ತಲೆ ಆಡಿಸಿದ. ನಾನು ಗೇಟು ದಾಟಿ ರಸ್ತೆಗೆ ಇಳಿದು, ಇನ್ನೊಮ್ಮೆ ಕರೆದೆ.